ಗೋಡೆಗೊಂದು ತುಂಟ ಚಿತ್ರ: ಎಲ್ಲಿ ಹುಡುಕುವುದು, ಹೇಗೆ ಕೊಳ್ಳುವುದು?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯ ಹೊಸ ಮನೆಗೆ ಬಂದು ಆರು ತಿಂಗಳಾಯಿತು. ಗೋಡೆಗಳು ಇನ್ನೂ ಖಾಲಿ. ನನಗೂ ಒಂಬತ್ತು ವರ್ಷದ ಮಗಳಿಗೂ ನಗು ಬರಿಸುವ, ಸ್ವಲ್ಪ ತುಂಟತನವಿರುವ ಚಿತ್ರಗಳು ಇಷ್ಟ. ಕೊಡೆ ಹಿಡಿದ ಬೆಕ್ಕು, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವ ಆನೆ, ಅಂಥವು. ಆನ್‌ಲೈನಿನಲ್ಲಿ ಹುಡುಕಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಕಳೆದ ವರ್ಷ ಒಂದು ಅಂಗಡಿಯಲ್ಲಿ 'ಕೈಯಿಂದ ಬಿಡಿಸಿದ್ದು' ಅಂದರು, 1,800 ರೂಪಾಯಿ ಕೊಟ್ಟು ತಂದೆ. ಆಮೇಲೆ ಗೆಳತಿಯ ಮನೆಯಲ್ಲೂ ಅದೇ ಚಿತ್ರ, ಒಂದು ಗೆರೆಯೂ ಆಚೀಚೆಯಿಲ್ಲ. ಸ್ವತಂತ್ರವಾಗಿ ಕೆಲಸ ಮಾಡುವ ಕಲಾವಿದರು ಎಲ್ಲಿ ಸಿಗುತ್ತಾರೆ? ನಿಜವಾದ ಕೈಕೆಲಸವನ್ನು ಗುರುತಿಸುವುದು ಹೇಗೆ? ಚೌಕಾಸಿ ಮಾಡಬಹುದೇ? ಕೊಂಡ ಚಿತ್ರವನ್ನು ಮಗಳ ಹುಟ್ಟುಹಬ್ಬಕ್ಕೆ ಮಗ್‌ಗಳ ಮೇಲೆ ಹಾಕಿಸಿ ಮಕ್ಕಳಿಗೆ ಹಂಚಬಹುದೇ? ಒಟ್ಟು 6,000 ರೂಪಾಯಿ ಎತ್ತಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಆ ಕೊಡೆ ಹಿಡಿದ ಬೆಕ್ಕು. ನನ್ನ ಬಳಿ ಬರುವ ಹೆಚ್ಚಿನವರು ಸೋಫಾದ ಬಣ್ಣಕ್ಕೆ ಹೊಂದುವಂಥದ್ದು ಏನಾದರೂ ಇದೆಯೇ ಎಂದು ಕೇಳುತ್ತಾರೆ. ಏನು ಬೇಕೆಂಬುದು ನಿಮಗೆ ಗೊತ್ತಿದೆ, ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ. ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿ ಅಚ್ಚುಚಿತ್ರ (ಕೆತ್ತಿದ ಅಚ್ಚಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಚಿತ್ರ) ಮಾಡುತ್ತ, ಕಲಿಸುತ್ತ ಬಂದಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಚಿತ್ರ ಹುಡುಕುವುದಕ್ಕಿಂತ ಕೈ ಹುಡುಕುವುದು ಸುಲಭ. ಚಿತ್ರಗಳು ಲೆಕ್ಕವಿಲ್ಲದಷ್ಟಿವೆ, ಕಣ್ಣು ದಣಿಯುತ್ತದೆ. ನಿಮ್ಮನ್ನು ನಗಿಸುವ ಗೆರೆ ಎಳೆಯುವ ಕೈಗಳು ಹತ್ತೋ ಹನ್ನೆರಡೋ ಇರಬಹುದು. ಅವರ ಹೆಸರು ಗೊತ್ತಾದರೆ ಚಿತ್ರಗಳು ತಾವಾಗಿ ಸಿಗುತ್ತವೆ.

ಆನ್‌ಲೈನಿನಲ್ಲಿ ಎಲ್ಲ ಒಂದೇ ಥರ ಕಾಣುವುದಕ್ಕೆ ಕಾರಣವಿದೆ. 'ವಾಲ್ ಆರ್ಟ್' ಎಂದು ಹುಡುಕಿದಾಗ ಮೇಲೆ ಬರುವುದರಲ್ಲಿ ಬಹಳಷ್ಟು ಬರೀ ಫೈಲುಗಳು. ಒಂದೇ ಫೈಲನ್ನು ಹಲವು ಮಾರಾಟಗಾರರು ಇಟ್ಟುಕೊಂಡು, ಆರ್ಡರ್ ಬಂದಾಗ ಕ್ಯಾನ್ವಾಸಿನ ಮೇಲೆ ಮುದ್ರಿಸಿ ಕಳಿಸುತ್ತಾರೆ. ಕೆಲವರು ಮೇಲೆ ಒಂದೆರಡು ಕಡೆ ಪಾರದರ್ಶಕ ಜೆಲ್ ಸವರಿ ಕುಂಚದ ಗುರುತು ಬರಿಸುತ್ತಾರೆ. ನಿಮಗೂ ಗೆಳತಿಗೂ ಸಿಕ್ಕಿದ್ದು ಇಂಥದ್ದೇ ಇರಬೇಕು. ಈಗ ಎಐ ಚಿತ್ರಗಳೂ ಇದಕ್ಕೆ ಸೇರಿಕೊಂಡಿವೆ. ಅಲ್ಲಿ ಬೆಕ್ಕು ಮುದ್ದಾಗಿಯೇ ಇರುತ್ತದೆ, ಆದರೆ ಅದೇ ಅಂಗಡಿಯ ಮುಂದಿನ ಹತ್ತು ಚಿತ್ರ ನೋಡಿ: ಒಂದು ಜಲವರ್ಣದ ಹಾಗೆ, ಇನ್ನೊಂದು ಜಪಾನಿ ಅಚ್ಚಿನ ಹಾಗೆ, ಮತ್ತೊಂದು ಹಳೆಯ ಪೋಸ್ಟರಿನ ಹಾಗೆ. ಒಬ್ಬ ಕಲಾವಿದೆಯ ಹತ್ತು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಅವಳ ಚಟ ಕಂಡುಬಿಡುತ್ತದೆ. ಕಾಲುಗಳನ್ನು ಯಾವಾಗಲೂ ಸ್ವಲ್ಪ ಗಿಡ್ಡ ಮಾಡುತ್ತಾಳೆ, ಕಿಟಕಿ ಬಂದರೆ ಅದರಲ್ಲೊಂದು ಕಾಗೆ ಕೂರಿಸುತ್ತಾಳೆ. ಆ ಚಟಕ್ಕೇ ನಾನು 'ಕೈ' ಎನ್ನುವುದು.

ಕೈ ಹುಡುಕಲು ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಜಾಗ ಮಕ್ಕಳ ಪುಸ್ತಕ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳೂ ಬೇಕಾದಷ್ಟಿವೆ, ಓದಲು ದುಡ್ಡು ಕೊಡಬೇಕಿಲ್ಲ. ಪ್ರತಿ ಕಥೆಗೂ ಚಿತ್ರ ಬರೆದವರ ಹೆಸರು ಹಾಕಿರುತ್ತಾರೆ. ಒಂದು ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತು ಕಥೆಗಳ ಚಿತ್ರಗಳನ್ನಷ್ಟೇ ನೋಡುತ್ತ ಹೋಗಿ. ಅವಳು ಎಲ್ಲಿ ನಕ್ಕಳೋ ಅಲ್ಲಿ ಆ ಹೆಸರು ಬರೆದುಕೊಳ್ಳಿ. ಒಂಬತ್ತು ವರ್ಷದ ಮಗುವಿನ ನಗು ಸುಳ್ಳು ಹೇಳುವುದಿಲ್ಲ. ಆ ಪಟ್ಟಿ ಹಿಡಿದು ಇನ್‌ಸ್ಟಾಗ್ರಾಮಿಗೆ ಹೋದರೆ ಹೆಚ್ಚಿನವರು ಅಲ್ಲಿ ಸಿಗುತ್ತಾರೆ. ಒಬ್ಬರು ಸಿಕ್ಕಿದ ಮೇಲೆ ಅವರು ಯಾರನ್ನು ಹಿಂಬಾಲಿಸುತ್ತಿದ್ದಾರೆ ನೋಡಿ. ಕಲಾವಿದರು ಕಲಾವಿದರನ್ನೇ ನೋಡುತ್ತಿರುತ್ತಾರೆ, ಆ ದಾರಿಯಲ್ಲಿ ಎರಡು ಮನೆ ದಾಟುವಷ್ಟರಲ್ಲಿ ನಿಮ್ಮ ಬೆಕ್ಕು ಸಿಕ್ಕೀತು. ಅಕ್ಟೋಬರ್ ತಿಂಗಳಾದರೆ ಇನ್ನೂ ಸುಲಭ. ದಿನಕ್ಕೊಂದು ಮಸಿಯ ಚಿತ್ರ ಬರೆಯುವ 'ಇಂಕ್ಟೋಬರ್' ಎಂಬ ರೂಢಿ 2009ರಲ್ಲಿ ಅಮೆರಿಕದ ಒಬ್ಬ ಚಿತ್ರಕಾರರಿಂದ ಶುರುವಾಯಿತು, ಈಗ ನಮ್ಮವರೂ ಉತ್ಸಾಹದಿಂದ ಬರೆಯುತ್ತಾರೆ. ಒಬ್ಬರು ದಿನಾ ಬರೆದದ್ದನ್ನು ಒಟ್ಟಿಗೆ ನೋಡಿದಾಗ ಕೈ ಎಂಥದ್ದೆಂದು ತಿಳಿಯುತ್ತದೆ.

ಇದೆಲ್ಲ ಮನೆಯಲ್ಲಿ ಕೂತು ಮಾಡುವ ಕೆಲಸ. ಕೊಳ್ಳುವ ಮೊದಲು ಒಮ್ಮೆಯಾದರೂ ಕಾಗದವನ್ನು ಕಣ್ಣಾರೆ ನೋಡಬೇಕು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿಯಿರಿ, ಹುತಾತ್ಮ ಚೌಕದ ಮೇಲೆ ನಡೆದರೆ ಇಪ್ಪತ್ತು ನಿಮಿಷದೊಳಗೆ ಗ್ಯಾಲರಿಗಳಿರುವ ಕಾಲಾ ಘೋಡಾ ಬಡಾವಣೆ. ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಅಲ್ಲಿದೆ, ಪ್ರವೇಶ ಉಚಿತ. ಆದರೆ ಮೊದಲು ಹೊರಗಿನ ಫುಟ್‌ಪಾತ್ ನೋಡಿ. ಗೋಡೆಗೆ ಚಿತ್ರ ಒರಗಿಸಿಕೊಂಡು, ಮಡಚುವ ಸ್ಟೂಲಿನ ಮೇಲೆ ಕೂತು ಬರೆಯುತ್ತಿರುವವರನ್ನು ಮಾತಾಡಿಸಿ. ಎದುರಿಗೇ ಬರೆಯುವವರ ಬಳಿ 'ಇದು ಕೈಯದೇ?' ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಜನವರಿ ಕೊನೆ, ಫೆಬ್ರವರಿ ಮೊದಲಲ್ಲಿ ನಡೆಯುವ ಕಾಲಾ ಘೋಡಾ ಕಲಾ ಉತ್ಸವಕ್ಕೆ (1999ರಿಂದ ನಡೆದುಬಂದಿದೆ) ಮಗಳನ್ನು ಕರೆದುಕೊಂಡು ಹೋಗಿ, ಆದರೆ ವಾರದ ನಡುವೆ, ಮಧ್ಯಾಹ್ನ. ಶನಿವಾರ ಸಂಜೆ ಕಾಲಿಡಲು ಜಾಗವಿರುವುದಿಲ್ಲ, ಸ್ಟಾಲಿನವರಿಗೆ ಮಾತಾಡಲು ಪುರಸೊತ್ತೂ ಇರುವುದಿಲ್ಲ. ಅಲ್ಲಿಯೂ ಎಲ್ಲ ಸ್ಟಾಲುಗಳು ಕಲಾವಿದರದಲ್ಲ, ಸಗಟು ತಂದು ಮಾರುವವರೂ ಇರುತ್ತಾರೆ. 'ಇದನ್ನು ಬಿಡಿಸಿದ್ದು ಯಾರು, ಹೇಗೆ ಮಾಡಿದಿರಿ?' ಎಂದು ಕೇಳಿ. ಮಾಡಿದವರಾದರೆ ಮುಖ ಅರಳುತ್ತದೆ, ಮಾತು ನಿಲ್ಲುವುದಿಲ್ಲ, ಫೋನ್ ತೆಗೆದು ಸ್ಕೆಚ್ ತೋರಿಸುತ್ತಾರೆ. ತಂದು ಮಾರುವವರು ಬೆಲೆ ಹೇಳುತ್ತಾರೆ.

ಸಿಎಸ್‌ಎಂಟಿಯ ಹತ್ತಿರದಲ್ಲೇ ಸರ್ ಜೆ.ಜೆ. ಕಲಾಶಾಲೆಯೂ ಇದೆ, 1857ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನದಲ್ಲಿ ಅಚ್ಚುಚಿತ್ರಗಳನ್ನು ನೋಡುವುದು ನನಗೆ ಪ್ರತಿವರ್ಷದ ಹಬ್ಬ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದೂ ಆಮೇಲೆ ಕಲಿಸಿದ್ದೂ ಇಲ್ಲಿಯೇ. ಕುಣಿಯುವವರ ಇಡೀ ಮೈಯನ್ನು ಒಂದೇ ಉಸಿರಿನ ಗೆರೆಯಲ್ಲಿ ಹಿಡಿದ ಅವರ ರೇಖಾಚಿತ್ರಗಳ ಮುಂದೆ ಒಮ್ಮೆ ನಿಂತು ನೋಡಿದರೆ, ಗೆರೆಗೆ ಜೀವವಿದೆ ಎನ್ನುವುದು ಬರೀ ಮಾತಲ್ಲವೆಂದು ತಿಳಿಯುತ್ತದೆ. ಇದೇ ಶಾಲೆ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್‌ಗೆ ಪ್ರವೇಶ ಕೊಟ್ಟಿರಲಿಲ್ಲ. ಅವರು ಇದೇ ಊರಲ್ಲಿ ಕೂತು ದಶಕಗಳ ಕಾಲ ದೇಶವನ್ನು ನಗಿಸಿದರು, ಬಿಡುವಿನಲ್ಲಿ ಕಾಗೆಗಳನ್ನು ಬರೆದರು. ಇದನ್ನು ಹೇಳಿದ್ದು ಏಕೆಂದರೆ, ಕಲಾವಿದರಿಗೆ ಯಾವ ಡಿಗ್ರಿ ಇದೆ, ಯಾವ ಗ್ಯಾಲರಿಯಲ್ಲಿ ಪ್ರದರ್ಶನವಾಗಿದೆ ಎಂದು ನೀವು ತಲೆಕೆಡಿಸಿಕೊಳ್ಳಬೇಕಿಲ್ಲ. ನಿಮಗೂ ಮಗಳಿಗೂ ಗೆರೆ ಹಿಡಿಸಿತೇ, ಅಷ್ಟು ಸಾಕು. ಕಾಮಿಕ್ ಪುಸ್ತಕಗಳ ಮೇಳವಾದ ಕಾಮಿಕ್ ಕಾನ್ ಮುಂಬಯಿಗೆ, ಪುಣೆಗೆ ಬಂದಾಗ ಅಲ್ಲಿ ಕಲಾವಿದರಿಗೆಂದೇ ಒಂದು ಸಾಲು ಮೇಜುಗಳಿರುತ್ತವೆ. ಲೋಕಲ್‌ನಲ್ಲಿ ನೇತಾಡುವ ಆನೆ ಅಲ್ಲಿಯೇ ಸಿಗಬಹುದೆಂದು ನನ್ನ ಮನಸ್ಸು ಹೇಳುತ್ತದೆ. ತಾವೇ ಬರೆದು, ತಾವೇ ಮುದ್ರಿಸಿ, ಮಡಚಿ ಹೊಲಿದ 'ಝೀನ್' ಎಂಬ ಪುಟ್ಟ ಪುಸ್ತಕಗಳ ಮೇಳಗಳೂ ನಡೆಯುತ್ತವೆ, ನೂರಿನ್ನೂರು ರೂಪಾಯಿಗೆ ಒಂದು ಇಡೀ ಲೋಕ ಕೈಗೆ ಬರುತ್ತದೆ.

ಇನ್ನು ಗುರುತಿಸುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ 'ಕೈಕೆಲಸ' ಎಂಬ ಒಂದೇ ಪದದ ಅಡಿಯಲ್ಲಿ ಹಲವು ಬೇರೆಬೇರೆ ವಸ್ತುಗಳು ಮಾರಾಟವಾಗುತ್ತವೆ.

ಮಳೆಗಾಲದ ಮೊದಲು ನಾನು ಮಾಡಿದ ಒಂದು ಪುಟ್ಟ ಲೈನೋ ಚಿತ್ರವನ್ನೇ ತೆಗೆದುಕೊಳ್ಳಿ. ಮಾಟುಂಗದ ಹೂವಿನ ಅಂಗಡಿ, ಮಲ್ಲಿಗೆ ಬುಟ್ಟಿಯೊಳಗೆ ಮಲಗಿದ ಬೆಕ್ಕು, ಕೆಳಗೆ 'ಮೊಳಕ್ಕೆಷ್ಟು?' ಎಂಬ ಬರಹ. ಲೈನೋಲಿಯಂ ಹಾಳೆಯ ಮೇಲೆ ಉಳಿಯಿಂದ ಕೆತ್ತಿದಾಗ, ಕೆತ್ತಿ ತೆಗೆದದ್ದು ಬಿಳಿಯಾಗುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಎಡ ಬಲವಾಗುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಕೆತ್ತಬೇಕು. ಆ 'ಷ್ಟು' ಒಂದಕ್ಕೇ ಅರ್ಧ ದಿನ ಹಿಡಿಯಿತು, ಕೆಳಗಿನ ಟ ಒತ್ತಿನ ಕುಣಿಕೆ ಒಡೆಯದ ಹಾಗೆ ಉಳಿಸಬೇಕಲ್ಲ. ಮಸಿಯನ್ನು ಗಾಜಿನ ಮೇಲೆ ರೋಲರಿನಿಂದ ಹರಡುವಾಗ ಕಿವಿಗೊಟ್ಟು ಕೇಳುತ್ತೇವೆ. ಬಾಣಲೆಯಲ್ಲಿ ಸಾಸಿವೆ ಸಿಡಿಯುವ ಮುಂಚಿನ ಚಿರಿಚಿರಿ ಸದ್ದಿನ ಹಾಗೆ ಸಣ್ಣಗೆ ಬಂದರೆ ಹದ ಸರಿ, ಜೋರಾಗಿ ಪಚಪಚ ಎಂದರೆ ಮಸಿ ಹೆಚ್ಚು, ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಕಾಗದ ಹಾಸಿ ಮರದ ಸೌಟಿನ ಬೆನ್ನಿನಿಂದ ಉಜ್ಜುತ್ತೇನೆ. ಎತ್ತಿದಾಗ ಒಂದು ಪ್ರತಿ. ಹೀಗೆ 25.

ಈ ಪ್ರತಿಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಭಾಗದಲ್ಲಿ ಮಸಿಯ ಸಣ್ಣ ತರಿ ಕಾಣುತ್ತದೆ, ಒಂದೆರಡು ಕಡೆ ತುಸು ತೆಳು. ಬಿಳಿಯ ಜಾಗದಲ್ಲಿ ಉಳಿ ಸರಿಯಾಗಿ ತೆಗೆಯದೆ ಬಿಟ್ಟ ಏಣುಗಳ ಗುರುತು ಅಲ್ಲಲ್ಲಿ ಹತ್ತಿರುತ್ತದೆ. ಹಿಂಬದಿ ತಿರುಗಿಸಿದರೆ ಉಜ್ಜಿದ ಜಾಡು, ಕೆಲವೊಮ್ಮೆ ಗೆರೆಗಳ ಒತ್ತು. ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 7/25, ಬಲಕ್ಕೆ ಸಹಿ. ಒಟ್ಟು 25 ಪ್ರತಿಗಳಲ್ಲಿ ಇದು ಏಳನೆಯದು ಎಂದರ್ಥ, ಏಳನೆಯದು ಹದಿನೇಳನೆಯದಕ್ಕಿಂತ ಮೇಲು ಎಂದಲ್ಲ. ಎ/ಪಿ ಎಂದಿದ್ದರೆ ಕಲಾವಿದರು ತಮಗಾಗಿ ತೆಗೆದಿಟ್ಟ ಪ್ರತಿ. ಪೆನ್ಸಿಲ್ ಏಕೆಂದರೆ, ಅದು ಮಾಸುವುದಿಲ್ಲ, ಮುದ್ರಿತ ಸಹಿಯಿಂದ ಬೇರೆಯೆಂದು ತಕ್ಷಣ ತಿಳಿಯುತ್ತದೆ.

ಈಗ ನಿಮ್ಮ ಆ 1,800 ರೂಪಾಯಿಯ ಚಿತ್ರದ ಮೇಲೆ ಒಂದು ಭೂತಗನ್ನಡಿ ಹಿಡಿದು ನೋಡಿ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನದಾದರೆ ಒಳ್ಳೆಯದು. ಅದರಲ್ಲಿರುವ ಕೇಸರಿಯಂಥ ಬಣ್ಣ ಒಂದೇ ಬಣ್ಣವಾಗಿರದೆ ಹಳದಿ, ಗುಲಾಬಿ, ನೀಲಿ ಚುಕ್ಕೆಗಳ ಸಂತೆಯಾಗಿ ಕಂಡರೆ ಅದು ಯಂತ್ರದ ಮುದ್ರಣ. ಜಾಲರಿಯ ಮೂಲಕ ಮಸಿ ಒತ್ತಿ ಕೈಯಿಂದ ಮಾಡಿದ ಸ್ಕ್ರೀನ್ ಪ್ರಿಂಟಿನಲ್ಲಿ ಕೇಸರಿಯೆಂದರೆ ಕೇಸರಿಯೇ, ತುಂಬಿದ ಒಂದೇ ಮಸಿ, ಬೆರಳಿಗೆ ಸ್ವಲ್ಪ ಉಬ್ಬು ತಾಗುತ್ತದೆ, ಎರಡು ಬಣ್ಣ ಕೂಡುವಲ್ಲಿ ಒಂದರ ಮೇಲೊಂದು ಹತ್ತಿರುತ್ತದೆ. ಚುಕ್ಕೆ ಕಂಡ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಬೇಡಿ. ರಿಸೋಗ್ರಾಫ್ ಎಂಬ ಜಪಾನಿ ಯಂತ್ರದಲ್ಲಿ ಬಣ್ಣಕ್ಕೊಂದು ಸುರುಳಿ ಹಾಕಿ ಒಂದೊಂದೇ ಬಣ್ಣವಾಗಿ ಮುದ್ರಿಸುತ್ತಾರೆ, ಅದರಲ್ಲೂ ಚುಕ್ಕೆಗಳಿರುತ್ತವೆ. ಬಣ್ಣಗಳು ಕೂದಲೆಳೆಯಷ್ಟು ಆಚೀಚೆ ಸರಿದಿರುವುದೇ ಅದರ ಚೆಂದ. ಹಾಗೆಯೇ ಇಂದು ಬಹಳಷ್ಟು ಕಲಾವಿದರು ಟ್ಯಾಬ್ಲೆಟ್ಟಿನ ಮೇಲೆಯೇ ಬರೆಯುತ್ತಾರೆ. ಆ ಚಿತ್ರಕ್ಕೆ ಕಾಗದದ ಮೂಲಪ್ರತಿಯೇ ಇಲ್ಲ, ಒಳ್ಳೆಯ ಕಾಗದದ ಮೇಲೆ ತೆಗೆದ ಪ್ರಿಂಟೇ ಕೃತಿ. ಅದರಲ್ಲೂ ಕೈ ಇದೆ. ಕೊಡುವವರು ಇದು ಡಿಜಿಟಲ್ ಪ್ರಿಂಟ್ ಎಂದು ಹೇಳಿ ಕೊಟ್ಟರೆ ನಾನು ಸಂತೋಷದಿಂದ ಕೊಳ್ಳುತ್ತೇನೆ. ಕಲಬುರಗಿಯ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳು ಎಷ್ಟು ಮನೆಗಳ ಗೋಡೆಯ ಮೇಲಿದ್ದವು! ಅವೆಲ್ಲ ಮುದ್ರಿತ ಪ್ರತಿಗಳೇ, ಆದರೂ ಅವರ ಕೈಯನ್ನು ದೂರದಿಂದಲೇ ಗುರುತಿಸಬಹುದಿತ್ತು. ತಪ್ಪಿರುವುದು ಯಂತ್ರದಲ್ಲಲ್ಲ, ಯಂತ್ರದ್ದನ್ನು ಕೈಯದೆಂದು ಹೇಳಿ ದುಡ್ಡು ತೆಗೆದುಕೊಳ್ಳುವುದರಲ್ಲಿ.

ಬೆಲೆಯ ಮಾತು. ನನ್ನ ಬೆಕ್ಕಿನ ಚಿತ್ರಕ್ಕೆ 1,500 ರೂಪಾಯಿ ಇಟ್ಟಿದ್ದೇನೆ. ಕೆತ್ತಲು ನಾಲ್ಕು ದಿನ, ಮುದ್ರಿಸಲು ಎರಡು ದಿನ, ಹತ್ತಿಯ ಕಾಗದ, ಮಸಿ. ಅದಕ್ಕೂ ಮೊದಲು ಸ್ಕೆಚ್ ಪುಸ್ತಕದಲ್ಲಿ ಕಳೆದ ವಾರಗಳು. ಇಪ್ಪತ್ತೈದೂ ಮಾರಾಟವಾಗಲು ವರ್ಷ ಮೇಲಾಗುತ್ತದೆ, ಮೇಳದಲ್ಲಿ ಮಾರಿದರೆ ಸ್ಟಾಲಿನ ಬಾಡಿಗೆ ಬೇರೆ. ಹೀಗಿರುವಾಗ 'ಐನೂರಕ್ಕೆ ಕೊಡಿ' ಎಂದು ಕೇಳಿದರೆ ಮನಸ್ಸು ಕುಗ್ಗುತ್ತದೆ. 'ಎರಡು ತಗೊಂಡರೆ ಎಷ್ಟಕ್ಕೆ ಕೊಡುತ್ತೀರಿ?' ಎಂದು ಧಾರಾಳವಾಗಿ ಕೇಳಿ, ಹೆಚ್ಚಿನವರು ತಾವಾಗಿಯೇ ಸ್ವಲ್ಪ ಬಿಟ್ಟುಕೊಡುತ್ತಾರೆ. ದುಡ್ಡು ಸಾಲದಿದ್ದರೆ ಅವರ ಪೋಸ್ಟ್‌ಕಾರ್ಡ್ ಕೊಳ್ಳಿ, ಮುಂದಿನ ಸಂಬಳಕ್ಕೆ ದೊಡ್ಡದು. ನಿಮ್ಮ 6,000ದಲ್ಲಿ ನಾನಾದರೆ ಕೈಯಿಂದ ಮುದ್ರಿಸಿದ ಅಥವಾ ಬಿಡಿಸಿದ ಒಂದೇ ಒಂದು ಚಿತ್ರಕ್ಕೆ 2,500ದವರೆಗೆ ಕೊಡುತ್ತೇನೆ, ಮಗಳು ಆರಿಸಿದ ಒಂದು ಡಿಜಿಟಲ್ ಪ್ರಿಂಟು, ಒಂದಿಷ್ಟು ಪೋಸ್ಟ್‌ಕಾರ್ಡು ಸೇರಿ ಸಾವಿರ ಚಿಲ್ಲರೆ. ಮಿಕ್ಕದ್ದು ಚೌಕಟ್ಟಿಗೆ. ಚೌಕಟ್ಟಿನ ಖರ್ಚನ್ನು ಎಲ್ಲರೂ ಮರೆತು ಆಮೇಲೆ ಪೇಚಾಡುತ್ತಾರೆ.

ಮಗ್‌ಗಳ ವಿಷಯದಲ್ಲಿ ಉತ್ತರ: ಕೇಳದೆ ಹಾಕಿಸಬಾರದು. ಚಿತ್ರ ಕೊಂಡಾಗ ಆ ಕಾಗದ ನಿಮ್ಮದಾಗುತ್ತದೆ, ಅದನ್ನು ಮರುಮುದ್ರಿಸುವ ಹಕ್ಕು ಕಲಾವಿದರ ಬಳಿಯೇ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕು ಕಲಾವಿದರ ಜೀವಿತಕಾಲ, ಆಮೇಲೆ 60 ವರ್ಷ ಇರುತ್ತದೆ. ನೋಂದಣಿ ಮಾಡಿಸಿರಲೇಬೇಕು ಎಂದೇನಿಲ್ಲ, ಬರೆದ ಕ್ಷಣದಿಂದಲೇ ಹಕ್ಕು ಬರುತ್ತದೆ. ಒಂದು ಸಂದೇಶ ಕಳಿಸಿ ನೋಡಿ: 'ಮಗಳ ಹುಟ್ಟುಹಬ್ಬಕ್ಕೆ ಹದಿನೈದು ಮಕ್ಕಳಿಗೆ ಕೊಡಬೇಕು, ಏನು ಮಾಡಬಹುದು?' ಹದಿನೈದು ಸ್ಟಿಕರ್ ಹಾಳೆಯನ್ನೋ ಪುಸ್ತಕದ ಗುರುತುಪಟ್ಟಿಯನ್ನೋ ಅವರೇ ಮಾಡಿಕೊಟ್ಟಾರು, ಮಗ್‌ಗಿಂತ ಅಗ್ಗವೂ ಆದೀತು. ಮಗಳ ಹೆಸರನ್ನು ಕನ್ನಡದಲ್ಲಿ ಬರೆಸುವುದಾದರೆ ಅಕ್ಷರಗಳನ್ನು ದೊಡ್ಡದಾಗಿ ಕಾಗದದ ಮೇಲೆ ಬರೆದು ಫೋಟೋ ಕಳಿಸಿ. ಕನ್ನಡ ಬಾರದ ಕಲಾವಿದರು ಒತ್ತಕ್ಷರವನ್ನು ಬಿಡಿಸಿ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಮುಂಗಡವಾಗಿ ಅರ್ಧ ಹಣ ಕೊಡುವುದು ರೂಢಿ.

ಊರಿಗೆ ಕೊಂಕಣ ರೈಲ್ವೆಯಲ್ಲಿ ಹೋಗುವವರಾದರೆ ಸಾವಂತವಾಡಿ ರೋಡ್ ನಿಲ್ದಾಣ ದಾಟುತ್ತೀರಲ್ಲ, ಒಮ್ಮೆ ಇಳಿಯಿರಿ. ಅಲ್ಲಿನ ಅರಮನೆಯಲ್ಲಿ ಗಂಜೀಫಾ ಎಂಬ ಹಳೆಯ ಇಸ್ಪೀಟು ಎಲೆಗಳನ್ನು ಇವತ್ತಿಗೂ ಕೈಯಲ್ಲಿ ಬರೆಯುತ್ತಾರೆ. ದುಂಡನೆಯ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120. ಮತ್ಸ್ಯನಿಗೆ ಎಷ್ಟನೆಯ ಎಲೆಯೋ ಅಷ್ಟು ಮೀನು, ಕೂರ್ಮನಿಗೆ ಅಷ್ಟು ಆಮೆ. ತುಂಟ ಚಿತ್ರ ನಮಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇನ್ನೂ ಮುಂದೆ ಗೋವಾದಲ್ಲಿ, ಪೊರ್ವೊರಿಮ್ ಬಳಿಯ ತೊರ್ಡಾದಲ್ಲಿ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡರ ಚಿತ್ರಗಳ ಗ್ಯಾಲರಿಯಿದೆ. ಒಂದು ಮೀನು ಮಾರುಕಟ್ಟೆಯ ಚಿತ್ರದಲ್ಲಿ ನೂರು ಜನರನ್ನು ತುಂಬಿ, ನೂರಕ್ಕೂ ಬೇರೆಬೇರೆ ಮುಖ ಕೊಡುತ್ತಿದ್ದವರು ಅವರು. ಅಷ್ಟು ದೂರ ಹೋಗಲಾಗದಿದ್ದರೆ ಕೊಲಾಬಾದ ಕೆಫೆ ಮಾಂಡೆಗಾರ್‌ನ ಗೋಡೆಯ ಮೇಲೆ ಅವರ ಚಿತ್ರಗಳನ್ನು ನೋಡಿ, ಕಾಲಾ ಘೋಡಾದಿಂದ ಹತ್ತು ನಿಮಿಷ. ವಾರ್ಲಿ ಇಷ್ಟವೆಂದಾದರೆ ಡಹಾಣೂವರೆಗೆ ಲೋಕಲ್ ಇದೆ. ಗೆರೆಯಷ್ಟು ಸಣ್ಣ ಮನುಷ್ಯರ ಆ ಚಿತ್ರಗಳನ್ನು ಮದುವೆ ಮನೆಯ ಗೋಡೆಯಿಂದ ಕಾಗದಕ್ಕೆ, ಜಗತ್ತಿಗೆ ತಂದ ಜಿವ್ಯಾ ಸೋಮಾ ಮಶೆ ಅಲ್ಲಿಯವರು. ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಯಂತ್ರದಲ್ಲಿ ಒತ್ತಿದ ವಾರ್ಲಿ ಎಲ್ಲೆಡೆ ಸಿಗುತ್ತದೆ, ಬರೆದವರ ಕೈಯಿಂದಲೇ ತರುವುದು ಬೇರೆ.

ಕೊನೆಗೆ ಮಳೆಗಾಲ. ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಮೊದಮೊದಲು ಗೆಳತಿಯೊಬ್ಬಳು ಕೊಟ್ಟ ಜಲವರ್ಣವನ್ನು ಚೌಕಟ್ಟು ಹಾಕಿಸಲು ಕೊಟ್ಟಿದ್ದೆ. ಅಂಗಡಿಯವರು ಚಿತ್ರವನ್ನು ಗೋಂದು ಹಚ್ಚಿ ಹಾರ್ಡ್‌ಬೋರ್ಡಿಗೆ ಅಂಟಿಸಿ, ಮೇಲೆ ನೇರ ಗಾಜು ಒತ್ತಿದ್ದರು. ಮೂರನೆಯ ಮಳೆಗಾಲಕ್ಕೆ ಆಕಾಶದ ತುಂಬ ಕಂದು ಚುಕ್ಕೆ, ಗಾಜಿಗೆ ಬಣ್ಣ ಹತ್ತಿಕೊಂಡಿತ್ತು. ಬಿಡಿಸಲು ಹೋದರೆ ಹರಿಯಿತು. ಅಂದಿನಿಂದ ಕೊಡುವ ಮೊದಲೇ ಹೇಳಿಬಿಡುತ್ತೇನೆ: ಚಿತ್ರದ ಸುತ್ತ ಆಮ್ಲವಿಲ್ಲದ ಮೌಂಟ್ ಬೋರ್ಡ್ (ದಪ್ಪ ರಟ್ಟು) ಇರಲಿ, ಗಾಜು ಕಾಗದಕ್ಕೆ ತಾಗಬಾರದು, ಅಂಟಿಸುವುದು ಮೇಲಿನ ಎರಡು ಮೂಲೆಯಲ್ಲಷ್ಟೇ, ಅದೂ ಮೈದಾ ಗಂಜಿಯಂಥ ನೀರಿಗೆ ಬಿಡುವ ಅಂಟಿನಿಂದ. ಸೆಲೋಟೇಪ್ ಬೇಡವೇ ಬೇಡ. ಚೌಕಟ್ಟಿನ ಹಿಂದಿನ ಮೂಲೆಗಳಿಗೆ ರಬ್ಬರ್ ಗುಂಡಿ ಹಚ್ಚಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಬಚ್ಚಲುಮನೆಯ ಗೋಡೆ, ಮಳೆ ಹೊಡೆಯುವ ಹೊರಗೋಡೆ, ನೇರ ಬಿಸಿಲು ಬೀಳುವ ಜಾಗ, ಮೂರೂ ಬೇಡ. ಮಳೆಗಾಲ ಮುಗಿದ ಮೇಲೆ ಒಮ್ಮೆ ಇಳಿಸಿ ಹಿಂಬದಿ ನೋಡಿ, ಬೂಷ್ಟು ಬಂದಿದೆಯೇ, ಬೆಳ್ಳಿಹುಳ ಹೊಕ್ಕಿದೆಯೇ ಎಂದು. ಹಾಗೆ ನೋಡುವಾಗ ಕೈಗೆ ಸಿಗುವಂತೆ ಚೌಕಟ್ಟಿನ ಹಿಂದೆ ಒಂದು ಚೀಟಿ ಅಂಟಿಸಿಡಿ. ಬಿಡಿಸಿದವರ ಹೆಸರು, ಕೊಂಡ ಜಾಗ, ತಾರೀಖು, ಪೆನ್ಸಿಲಿನಲ್ಲಿ. ಅದನ್ನು ಮಗಳ ಕೈಯಿಂದಲೇ ಬರೆಸಿ.